ಈಸ್ಟ್ರೋಜೆನ್: ಗರ್ಭಕೋಶ ತೆಗೆಸುವ ಮುನ್ನ ತಿಳಿಯಬೇಕಾದ ಸಂಗತಿ

“ಮಕ್ಕಳಾದ ಮೇಲೆ ಗರ್ಭಕೋಶದಿಂದ ಏನು ಪ್ರಯೋಜನ? ತೆಗೆಸಿಬಿಟ್ಟರೆ ಕಾಟ ತೀರಿತು.” ಈ ಮಾತನ್ನು ಹೊಸರಿತ್ತಿಯ ಸುತ್ತಲಿನ ಊರುಗಳಲ್ಲಿ ನಾವು ಇಂದಿಗೂ ಕೇಳುತ್ತೇವೆ. ಬಿಳಿಸೆರಗು, ಕಿಬ್ಬೊಟ್ಟೆ ನೋವು, ಅತಿ ರಕ್ತಸ್ರಾವಗಳಿಂದ ಬೇಸತ್ತ ತಾಯಂದಿರಿಗೆ ಶಸ್ತ್ರಚಿಕಿತ್ಸೆಯೇ ಸುಲಭದ ದಾರಿಯೆಂದು ತೋರುವುದು ಸಹಜ. ಆದರೆ ನಮ್ಮ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕಿನ ನೂರಾರು ಮಹಿಳೆಯರು, ಅವರಲ್ಲಿ ಬಹುಮಂದಿ ಲಂಬಾಣಿ ತಾಂಡಾಗಳವರು, ಅಗತ್ಯವಿಲ್ಲದೆಯೇ ತಮ್ಮ ಗರ್ಭಕೋಶ ತೆಗೆಯಲಾಗಿದೆ ಎಂದು ದೂರಿ ಪರಿಹಾರಕ್ಕಾಗಿ ಬೀದಿಗಿಳಿದುದನ್ನು ನಾವೆಲ್ಲ ಕಂಡಿದ್ದೇವೆ. ದುಡಿಯುವ ಶಕ್ತಿಯೇ ಉಡುಗಿತೆಂಬುದು ಅವರ ಅಳಲು. ಈ ಅಳಲಿನ ಹಿಂದಿರುವ ಶರೀರಶಾಸ್ತ್ರವನ್ನು ಅರಿಯಬೇಕಾದರೆ ಈಸ್ಟ್ರೋಜೆನ್ ಎಂಬ ರಸದೂತದ ಪರಿಚಯ ಅವಶ್ಯ.

ಈಸ್ಟ್ರೋಜೆನ್ ಮಾಡುವ ಕೆಲಸ

ಗರ್ಭಕೋಶದ ಎರಡೂ ಪಕ್ಕದಲ್ಲಿ ಬಾದಾಮಿ ಗಾತ್ರದ ಎರಡು ಅಂಡಾಶಯಗಳಿವೆ. ಈಸ್ಟ್ರೋಜೆನ್ ಮುಖ್ಯವಾಗಿ ಇಲ್ಲಿಯೇ ಉತ್ಪತ್ತಿಯಾಗಿ ರಕ್ತದ ಮೂಲಕ ದೇಹವೆಲ್ಲ ಸಂಚರಿಸುತ್ತದೆ. ಹುಡುಗಿಯು ಪ್ರೌಢಳಾಗುವುದು, ತಿಂಗಳ ಮುಟ್ಟು ಕ್ರಮವಾಗಿ ಬರುವುದು, ಗರ್ಭಕ್ಕೆ ನೆಲೆ ಸಿದ್ಧವಾಗುವುದು ಇದರಿಂದಲೇ. ಆದರೆ ಇದರ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ.

ನಮ್ಮ ಮೂಳೆ ಸದಾ ಕರಗುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುತ್ತದೆ. ಕರಗಿಸುವ ಕಣಗಳನ್ನು ಅಂಕೆಯಲ್ಲಿಡುವುದು ಈಸ್ಟ್ರೋಜೆನ್. ಅದು ಇಳಿದಾಗ ಮೂಳೆ ಸವೆದು, ಸಣ್ಣ ಬೀಳುವಿಕೆಗೂ ಸೊಂಟ, ಮಣಿಕಟ್ಟು ಮುರಿಯುವ ಭಯವಿರುತ್ತದೆ. ರಕ್ತನಾಳಗಳನ್ನು ಮೃದುವಾಗಿಡುವುದು, ಕೊಲೆಸ್ಟರಾಲ್ ಹತೋಟಿಗೆ ನೆರವಾಗುವುದು, ಜನನಾಂಗ ಹಾಗೂ ಮೂತ್ರಮಾರ್ಗದ ಒಳಪೊರೆಯನ್ನು ಹಸಿಯಾಗಿಡುವುದು, ನಿದ್ರೆ ಮತ್ತು ಮನಸ್ಸಿನ ಸಮತೋಲನಕ್ಕೆ ಆಧಾರವಾಗುವುದು ಇವೂ ಅದರ ಕೆಲಸಗಳೇ.

ಋತುಬಂಧ: ಸಹಜವಾದುದು, ಹಠಾತ್ತಾದುದು

ಭಾರತೀಯ ಮಹಿಳೆಯರಲ್ಲಿ ಸಾಮಾನ್ಯವಾಗಿ 46–47ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ. ಈಸ್ಟ್ರೋಜೆನ್ ಕೆಲವು ವರ್ಷಗಳ ಅವಧಿಯಲ್ಲಿ ಇಳಿಯುವುದರಿಂದ ಶರೀರಕ್ಕೆ ಹೊಂದಿಕೊಳ್ಳಲು ಕಾಲಾವಕಾಶ ದೊರೆಯುತ್ತದೆ. ಗರ್ಭಕೋಶದೊಂದಿಗೆ ಎರಡೂ ಅಂಡಾಶಯಗಳನ್ನು ತೆಗೆದರೆ ಈ ಅವಕಾಶವಿಲ್ಲ. ಕೆಲವೇ ದಿನಗಳಲ್ಲಿ ಋತುಬಂಧ ಬಂದೆರಗುತ್ತದೆ. ಮೈ ಬಿಸಿಯೇರಿ ಬೆವರುವುದು, ನಿದ್ರಾಭಂಗ, ಮೂತ್ರದ ಉರಿ, ಮೈಕೈ ನೋವು ತೀವ್ರವಾಗಿ ಕಾಡಬಹುದು. ಅಂಡಾಶಯ ಉಳಿಸಿದರೂ ಅದಕ್ಕೆ ಹೋಗುವ ರಕ್ತ ಕಡಿಮೆಯಾಗಿ, ಅದು ಬೇಗ ದಣಿಯುವ ಸಂಭವವಿದೆ.

2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 3.2 ಮಂದಿಯ ಗರ್ಭಕೋಶ ತೆಗೆಯಲಾಗಿತ್ತು. ಅವರಲ್ಲಿ ಅರ್ಧದಷ್ಟು ಮಂದಿಗೆ ಸುಮಾರು 34ರ ಒಳಗೇ ಈ ಶಸ್ತ್ರಚಿಕಿತ್ಸೆಯಾಗಿತ್ತು. ಬ್ಯಾಡಗಿಯ ಮೆಣಸಿನಕಾಯಿ ತೊಟ್ಟು ಬಿಡಿಸುವ, ಹೊಲದಲ್ಲಿ ಬಾಗಿ ಕಳೆ ಕೀಳುವ ತಾಯಿಗೆ ಅದು ದುಡಿಮೆಯ ನಡುವಯಸ್ಸು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ನಿರ್ದೇಶಿಸಿದೆ.

ಕೇಳಬೇಕಾದ ಪ್ರಶ್ನೆಗಳು

ಕ್ಯಾನ್ಸರ್, ಬೇರೆ ಚಿಕಿತ್ಸೆಗೆ ಬಗ್ಗದ ರಕ್ತಸ್ರಾವ, ದೊಡ್ಡ ಗೆಡ್ಡೆ, ತೀವ್ರವಾಗಿ ಜಾರಿದ ಗರ್ಭಕೋಶ ಇಂತಹ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಆಗ ಹಿಂಜರಿಯಬಾರದು. ಆದರೆ ಬಿಳಿಸೆರಗು ಸೋಂಕಿನಿಂದಾಗಿದ್ದರೆ ಔಷಧಿಯಿಂದ ವಾಸಿಯಾಗುತ್ತದೆ. ಅತಿಸ್ರಾವಕ್ಕೂ ಮಾತ್ರೆಗಳಿವೆ, ಗರ್ಭಕೋಶದೊಳಗಿಡುವ ಹಾರ್ಮೋನು ಸಾಧನವಿದೆ. ಆದ್ದರಿಂದ ಒಪ್ಪಿಗೆಯ ಸಹಿ ಹಾಕುವ ಮುನ್ನ ಹೀಗೆ ಕೇಳೋಣ: ನನ್ನ ರೋಗದ ಹೆಸರೇನು? ಯಾವ ಪರೀಕ್ಷೆಯಿಂದ ತಿಳಿಯಿತು? ಔಷಧಿಯಿಂದ ಗುಣವಾಗದೆ? ಅಂಡಾಶಯ ಉಳಿಸುವಿರಾ? ಎರಡನೆಯ ವೈದ್ಯರ ಅಭಿಪ್ರಾಯವನ್ನೂ ಪಡೆಯೋಣ.

ಋತುಬಂಧದ ನಂತರ

ಎಳೆಯ ವಯಸ್ಸಿನಲ್ಲೇ ಅಂಡಾಶಯ ಕಳೆದುಕೊಂಡವರು ವೈದ್ಯರ ಸಲಹೆಯಂತೆ ಈಸ್ಟ್ರೋಜೆನ್ ಚಿಕಿತ್ಸೆ ಪಡೆಯಬಹುದು. ಗರ್ಭಕೋಶ ಉಳಿದವರಿಗೆ ಇದರೊಡನೆ ಪ್ರೊಜೆಸ್ಟರೋನ್ ಬಗೆಯ ಔಷಧಿಯೂ ಬೇಕು. ಇಲ್ಲವಾದರೆ ಒಳಪೊರೆ ಬೆಳೆದು ಕ್ಯಾನ್ಸರಿಗೆ ಎಡೆಯಾದೀತು. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ, ಪಾರ್ಶ್ವವಾಯು ಅಥವಾ ಯಕೃತ್ತಿನ ತೀವ್ರ ಕಾಯಿಲೆ ಇದ್ದವರಿಗೆ ಸಾಮಾನ್ಯವಾಗಿ ಈ ಚಿಕಿತ್ಸೆ ಸಲ್ಲದು. ಔಷಧ ಅಂಗಡಿಯಿಂದ ತಾವಾಗಿ ತಂದು ನುಂಗುವುದು ಅಪಾಯಕರ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ತೊಟ್ಟು ರಕ್ತ ಕಂಡರೂ ತಪಾಸಣೆ ಮಾಡಿಸಲೇಬೇಕು.

ಮೂಳೆಯ ರಕ್ಷಣೆಗೆ ನಮ್ಮ ಅಡುಗೆಮನೆಯೇ ನೆರವಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶವಿದೆ. ಹಾಲು, ಮೊಸರು, ಎಳ್ಳು, ಸೊಪ್ಪು, ಕಾಳುಗಳು ನಿತ್ಯದ ಊಟದಲ್ಲಿರಲಿ. ಎಳೆಬಿಸಿಲು ಮೈಗೆ ಸೋಕಲಿ, ಪ್ರತಿದಿನ ಅರ್ಧಗಂಟೆ ಬಿರುಸಿನ ನಡಿಗೆಯಿರಲಿ. ತಂಬಾಕು ದೂರವಿರಲಿ.

ಶರಣರು ಮುಟ್ಟಿನ ಸೂತಕವನ್ನು ಒಪ್ಪಲಿಲ್ಲ. ಆದರೂ ನಮ್ಮ ಮನೆಗಳಲ್ಲಿ ಮುಟ್ಟಿನ ತೊಂದರೆಯನ್ನು ಹೇಳಿಕೊಳ್ಳಲು ಹೆಣ್ಣುಮಕ್ಕಳು ಇನ್ನೂ ನಾಚುತ್ತಾರೆ. ನೋವು ಮಿತಿಮೀರಿದಾಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ತಾಯಿ, ಅತ್ತೆ, ಪತಿ ಎಲ್ಲರೂ ಆ ಮಾತಿಗೆ ಕಿವಿಗೊಟ್ಟು ಸಕಾಲದಲ್ಲಿ ಚಿಕಿತ್ಸೆ ಕೊಡಿಸಿದರೆ ಎಷ್ಟೋ ಶಸ್ತ್ರಚಿಕಿತ್ಸೆಗಳು ತಪ್ಪುತ್ತವೆ. ಆಶಾ ಕಾರ್ಯಕರ್ತೆಯರಲ್ಲಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಂಕೋಚವಿಲ್ಲದೆ ವಿಚಾರಿಸಬೇಕೆಂದು ಓದುಗ ತಾಯಂದಿರಲ್ಲಿ ನಮ್ಮ ವಿನಂತಿ.