ಕೌಂಟಿ ನ್ಯಾಯಾಲಯದಲ್ಲಿ ಕಕ್ಷಿದಾರನ ಹೊಣೆ: ಕ್ಯಾಲಿಫೋರ್ನಿಯದ ವ್ಯವಸ್ಥೆಯ ಪರಿಚಯ

ಅಮೆರಿಕದಲ್ಲಿ ನ್ಯಾಯಾಧಿಕಾರವು ಒಕ್ಕೂಟ ಸರ್ಕಾರ ಮತ್ತು ರಾಜ್ಯಗಳ ನಡುವೆ ಹಂಚಿಹೋಗಿದ್ದು, ಬಾಡಿಗೆ, ಸಾಲ, ವಿವಾಹ ವಿಚ್ಛೇದನ, ಅಪಘಾತ, ಉಯಿಲು ಮೊದಲಾದ ದಿನನಿತ್ಯದ ಬಹುತೇಕ ವ್ಯಾಜ್ಯಗಳು ರಾಜ್ಯದ ನ್ಯಾಯಾಲಯಗಳಿಗೆ ಸೇರುತ್ತವೆ. ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ಘಟಕಕ್ಕೆ ಅಲ್ಲಿ ಕೌಂಟಿ ಎಂದು ಹೆಸರು. ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಇಂತಹ 58 ಕೌಂಟಿಗಳಿದ್ದು, ಪ್ರತಿಯೊಂದಕ್ಕೂ ಒಂದು ಸುಪೀರಿಯರ್ ಕೋರ್ಟ್ ಇದೆ. ಹೆಸರು ಕೇಳಿದವರಿಗೆ ಇದು ಉಚ್ಚ ನ್ಯಾಯಾಲಯವೆಂಬ ಭ್ರಮೆ ಹುಟ್ಟಬಹುದಾದರೂ, ಸಾಕ್ಷ್ಯ ಕೇಳಿ ಮೊದಲ ತೀರ್ಪು ಕೊಡುವ ವಿಚಾರಣಾ ನ್ಯಾಯಾಲಯ ಇದೇ. ಕರ್ನಾಟಕದಲ್ಲಿ ದಾವೆಯ ಮೌಲ್ಯವನ್ನು ನೋಡಿ ಅದು ಸಿವಿಲ್ ನ್ಯಾಯಾಧೀಶರ ಕಿರಿಯ ವಿಭಾಗಕ್ಕೋ ಹಿರಿಯ ವಿಭಾಗಕ್ಕೋ ಹೋಗುವಂತೆ, ಅಲ್ಲಿಯೂ ಒಂದು ಕಾಲಕ್ಕೆ ಸಣ್ಣ ದಾವೆಗಳಿಗೆ ಬೇರೆ ನ್ಯಾಯಾಲಯಗಳಿದ್ದವು. 1998ರಲ್ಲಿ ಮತದಾರರು ಒಪ್ಪಿದ ಸಂವಿಧಾನ ತಿದ್ದುಪಡಿಯ ಬಳಿಕ ಅವು ಒಂದೊಂದಾಗಿ ಸುಪೀರಿಯರ್ ಕೋರ್ಟಿನಲ್ಲಿ ಲೀನವಾಗಿ, 2001ರ ಹೊತ್ತಿಗೆ ಎಲ್ಲ ಕೌಂಟಿಗಳಲ್ಲಿಯೂ ವಿಲೀನ ಮುಗಿಯಿತು. ಸ್ಯಾನ್ ಹೋಸೆ, ಸನಿವೇಲ್, ಕೂಪರ್ಟಿನೋ ಊರುಗಳನ್ನು ಒಳಗೊಂಡ, ಕನ್ನಡಿಗರು ಗಣನೀಯವಾಗಿ ನೆಲೆಸಿರುವ ಸಾಂತಾ ಕ್ಲಾರಾ ಕೌಂಟಿಗೂ ಅನ್ವಯಿಸುವುದು ಇದೇ ವ್ಯವಸ್ಥೆ.

ಭಾರತದ ನ್ಯಾಯಾಲಯಗಳ ರೂಢಿಯಲ್ಲಿ ಬೆಳೆದವರು ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ಈ ನ್ಯಾಯಾಲಯವು ತಾನಾಗಿ ಪ್ರಕರಣವನ್ನು ಮುಂದಕ್ಕೆ ಒಯ್ಯುವುದು ಕಡಿಮೆ. ವಿಭಾಗವನ್ನು ಆರಿಸುವುದರಿಂದ ಹಿಡಿದು ತೀರ್ಪಿನ ಹಣ ವಸೂಲಿ ಮಾಡುವವರೆಗೆ ಪ್ರತಿ ಹೆಜ್ಜೆಯ ಹೊಣೆಯೂ ಕಕ್ಷಿದಾರನದೇ.

ಯಾವ ವಿಭಾಗ?

ವೀಸಾ, ಪೌರತ್ವ ಮತ್ತು ದಿವಾಳಿ ವಿಷಯಗಳು ಕೌಂಟಿಯ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಕೌಂಟಿಯಲ್ಲಿ ನಡೆಯುವ ಕ್ರಿಮಿನಲ್ ಪ್ರಕರಣದ ಶಿಕ್ಷೆಯು ವೀಸಾದ ಮೇಲೆ ಪರಿಣಾಮ ಬೀರಬಲ್ಲದು. ಆದ್ದರಿಂದ ವಿದೇಶಿ ಪ್ರಜೆಯಾದ ಆರೋಪಿಯು ತಪ್ಪೊಪ್ಪಿಗೆಗೆ ಸಮ್ಮತಿಸುವ ಮೊದಲು ಅದರಿಂದ ಗಡೀಪಾರಿನ ಅಪಾಯವಿದೆಯೇ ಎಂದು ತನ್ನ ವಕೀಲರನ್ನು ಕೇಳಿ ತಿಳಿಯಬೇಕು. ಈ ಕುರಿತು ಸಲಹೆ ನೀಡುವುದು ವಕೀಲರ ಕರ್ತವ್ಯವೆಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿಯೇ ಹೇಳಿದೆ.

ಹಣದ ವ್ಯಾಜ್ಯಗಳಲ್ಲಿ ವಿಭಾಗವನ್ನು ನಿರ್ಧರಿಸುವುದು ಮೊತ್ತ. 2024ರ ಜನವರಿಯಿಂದ, ವ್ಯಕ್ತಿಯೊಬ್ಬನು 12,500 ಡಾಲರ್‌ವರೆಗಿನ ಬೇಡಿಕೆಯನ್ನು ಸ್ಮಾಲ್ ಕ್ಲೇಮ್ಸ್ ಎನ್ನುವ ಕಿರುದಾವೆ ವಿಭಾಗಕ್ಕೆ ಒಯ್ಯಬಹುದು; ಕಂಪನಿಗಳಿಗೆ ಈ ಮಿತಿ 6,250 ಡಾಲರ್. 35,000 ಡಾಲರ್‌ವರೆಗಿನದು ಸೀಮಿತ ಸಿವಿಲ್ ದಾವೆ, ಅದನ್ನು ಮೀರಿದ್ದು ಅಸೀಮಿತ ಸಿವಿಲ್ ದಾವೆ. ಮನೆ ಖಾಲಿ ಮಾಡಿದ 21 ದಿನಗಳೊಳಗೆ ಮಾಲೀಕನು ಮುಂಗಡ ಠೇವಣಿಯನ್ನು ಹಿಂದಿರುಗಿಸಬೇಕು, ಕಡಿತ ಮಾಡಿದ್ದರೆ ಅದರ ವಿವರ ಕೊಡಬೇಕು ಎಂಬ ನಿಯಮ ಪಾಲನೆಯಾಗದಿದ್ದಾಗ ಬಾಡಿಗೆದಾರನು ಮೊರೆಹೋಗುವುದು ಸಾಮಾನ್ಯವಾಗಿ ಕಿರುದಾವೆ ವಿಭಾಗಕ್ಕೇ. ಇಲ್ಲಿನ ವಿಚಾರಣೆಯಲ್ಲಿ ಕಕ್ಷಿದಾರರ ಪರವಾಗಿ ವಕೀಲರು ವಾದಿಸುವಂತಿಲ್ಲವಾದ್ದರಿಂದ ಖರ್ಚು ಕಡಿಮೆ, ಶುಲ್ಕವೂ 30ರಿಂದ 75 ಡಾಲರ್‌ಗಳಷ್ಟೇ. ಆದರೆ ಇದಕ್ಕೊಂದು ಬೆಲೆಯಿದೆ: ಈ ವಿಭಾಗವನ್ನು ತಾನೇ ಆರಿಸಿಕೊಂಡ ವಾದಿಗೆ, ತನ್ನ ಬೇಡಿಕೆ ವಜಾ ಆದರೆ ಮೇಲ್ಮನವಿಯ ಹಕ್ಕಿಲ್ಲ; ಸೋತ ಪ್ರತಿವಾದಿ ಮಾತ್ರ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಿ ಹೊಸದಾಗಿ ವಿಚಾರಣೆ ಪಡೆಯಬಹುದು.

ಸಮನ್ಸ್ ಮುಟ್ಟಿಸುವ ಹೊಣೆ

ಕರ್ನಾಟಕದಲ್ಲಿ ದಾವೆ ಹೂಡಿದ ಬಳಿಕ ಸಮನ್ಸ್ ಜಾರಿಯಾಗುವುದು ಮುಖ್ಯವಾಗಿ ನ್ಯಾಯಾಲಯದ ಅಮೀನರ ಮೂಲಕವಾದರೆ, ಕ್ಯಾಲಿಫೋರ್ನಿಯದಲ್ಲಿ ಎದುರುಪಕ್ಷಕ್ಕೆ ಕಾಗದಪತ್ರ ಮುಟ್ಟುವಂತೆ ಏರ್ಪಾಡು ಮಾಡುವುದು ವಾದಿಯ ಕೆಲಸ. ಹಾಗೆಂದು ಆತ ತಾನೇ ಒಯ್ದು ಕೊಡುವಂತಿಲ್ಲ. ಪ್ರಕರಣದ ಕಕ್ಷಿದಾರನಲ್ಲದ, 18 ವರ್ಷ ತುಂಬಿದ ಬೇರೊಬ್ಬರು ಕೊಡಬೇಕು, ಕೊಟ್ಟವರು ಜಾರಿಯ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು, ಆ ಪತ್ರ ಕಡತಕ್ಕೆ ಸೇರಬೇಕು. ಕಿರುದಾವೆಯಲ್ಲಿ ಪ್ರತಿವಾದಿ ಅದೇ ಕೌಂಟಿಯವನಾದರೆ ವಿಚಾರಣೆಗೆ ಕನಿಷ್ಠ 15 ದಿನ, ಹೊರಗಿನವನಾದರೆ 20 ದಿನ ಮುಂಚೆ ಖುದ್ದಾಗಿ ಜಾರಿಯಾಗಿರಬೇಕು. ಜಾರಿ ಸರಿಯಾಗದಿದ್ದರೆ ದಾವೆಯಲ್ಲಿ ಎಷ್ಟೇ ಹುರುಳಿದ್ದರೂ ವಿಚಾರಣೆ ಮುಂದೆ ಹೋಗದು. ಶುಲ್ಕ ಕಟ್ಟಲಾರದವರು, ಅಂದರೆ ಸರ್ಕಾರಿ ನೆರವಿನ ಮೇಲೆ ಇರುವವರು, ಕಡಿಮೆ ಆದಾಯದವರು ಅಥವಾ ಶುಲ್ಕ ಕಟ್ಟಿದರೆ ಮನೆಯ ಮೂಲ ಅಗತ್ಯಗಳಿಗೆ ಹಣ ಉಳಿಯದವರು, ಎಫ್‌ಡಬ್ಲ್ಯೂ-001 ಎಂಬ ನಮೂನೆಯಲ್ಲಿ ವಿನಾಯಿತಿ ಕೋರಬಹುದು.

ಉತ್ತರದ ಗಡುವು

ಕಾಗದಪತ್ರ ಕೈಸೇರಿದವರ ಪಾಲಿಗೆ ಮುಖ್ಯವಾದದ್ದು ಗಡುವು. ಸಾಮಾನ್ಯ ಸಿವಿಲ್ ದಾವೆಗೂ ವಿಚ್ಛೇದನದ ಅರ್ಜಿಗೂ 30 ದಿನಗಳಲ್ಲಿ ಲಿಖಿತ ಉತ್ತರ ಸಲ್ಲಿಸಬೇಕು. ಮನೆ ತೆರವಿನ ದಾವೆಯಲ್ಲಿ ಈ ಅವಧಿ ತೀರಾ ಚಿಕ್ಕದು: ಮೊದಲು 5 ಕೋರ್ಟ್ ದಿನಗಳಿದ್ದುದು 2025ರಿಂದ 10 ಆಗಿದೆ, ಶನಿವಾರ, ಭಾನುವಾರ ಮತ್ತು ನ್ಯಾಯಾಲಯದ ರಜೆಗಳನ್ನು ಬಿಟ್ಟು ಎಣಿಸುವ ದಿನಗಳಿಗೆ ಕೋರ್ಟ್ ದಿನಗಳೆಂದು ಹೆಸರು. ಕಿರುದಾವೆಯಲ್ಲಿ ಲಿಖಿತ ಉತ್ತರ ಬೇಕಿಲ್ಲ. ಗೊತ್ತುಪಡಿಸಿದ ದಿನ ರಸೀದಿ, ಫೋಟೊ, ಪತ್ರಗಳೊಂದಿಗೆ ಹಾಜರಾದರೆ ಸಾಕು. ಗಡುವು ಮೀರಿದರೆ ವಾದಿಯು ಏಕಪಕ್ಷೀಯ ತೀರ್ಪನ್ನು ಕೋರಬಹುದಾದ್ದರಿಂದ ಸುಮ್ಮನಿರುವುದು ಸೋಲಿಗೆ ಒಪ್ಪಿಗೆ ಕೊಟ್ಟಂತೆಯೇ ಸರಿ.

ನೆರವು ಮತ್ತು ಭಾಷೆ

ಕಚೇರಿಯ ಗುಮಾಸ್ತರು ನಮೂನೆ, ಶುಲ್ಕ, ದಿನಾಂಕಗಳನ್ನು ತಿಳಿಸುತ್ತಾರೆಯೇ ಹೊರತು, ಏನು ಬರೆಯಬೇಕು, ದಾವೆ ಹೂಡಬೇಕೇ ಬೇಡವೇ ಎಂದು ಹೇಳುವಂತಿಲ್ಲ. ವಕೀಲರಿಲ್ಲದವರಿಗಾಗಿ ಸುಪೀರಿಯರ್ ಕೋರ್ಟುಗಳಲ್ಲಿ ಸ್ವಸಹಾಯ ಕೇಂದ್ರಗಳಿದ್ದು, ಅವು ನಮೂನೆ ತುಂಬುವ ಕ್ರಮವನ್ನು ಉಚಿತವಾಗಿ ವಿವರಿಸುತ್ತವೆ. ಆದರೆ ಅಲ್ಲಿನ ಸಿಬ್ಬಂದಿ ಯಾರ ಪರವಾದ ವಕೀಲರೂ ಅಲ್ಲ.

ಇಂಗ್ಲಿಷ್ ಅರಿಯದ ಕ್ರಿಮಿನಲ್ ಆರೋಪಿಗೆ ದುಭಾಷಿಯ ಹಕ್ಕನ್ನು ರಾಜ್ಯದ ಸಂವಿಧಾನವೇ ಕೊಟ್ಟಿದೆ. 2015ರಲ್ಲಿ ಜಾರಿಗೆ ಬಂದ ಕಾನೂನು ಸಿವಿಲ್ ಪ್ರಕರಣಗಳಲ್ಲಿಯೂ ಆದಾಯವನ್ನು ನೋಡದೆ ಉಚಿತ ದುಭಾಷಿ ಒದಗಿಸಲು ನ್ಯಾಯಾಲಯಗಳಿಗೆ ಅವಕಾಶ ಮಾಡಿಕೊಟ್ಟಿದ್ದು, ಇದಕ್ಕೆ ಐಎನ್‌ಟಿ-300 ನಮೂನೆಯಲ್ಲಿ ಮನವಿ ಸಲ್ಲಿಸಬಹುದು. ಪಂಜಾಬಿಗೆ ಇರುವಂತೆ ಕನ್ನಡಕ್ಕೆ ರಾಜ್ಯದ ಪ್ರಮಾಣೀಕರಣ ಪರೀಕ್ಷೆ ಇಲ್ಲವಾದ್ದರಿಂದ, ಕನ್ನಡದ ದುಭಾಷಿಗಳು ನೋಂದಾಯಿತ ದುಭಾಷಿಗಳೆಂಬ ಇನ್ನೊಂದು ವರ್ಗಕ್ಕೆ ಸೇರುತ್ತಾರೆ. ಮಕ್ಕಳ ಮನೆಗೆ ಬಂದು ಯಾವುದೋ ವ್ಯಾಜ್ಯದಲ್ಲಿ ಸಿಲುಕಿದ ತಂದೆತಾಯಿಯರು ಮಗ ಅಥವಾ ಸೊಸೆಯ ಅನುವಾದವನ್ನು ನೆಚ್ಚದೆ, ವಿಚಾರಣೆಗೆ ಸಾಕಷ್ಟು ಮುಂಚೆಯೇ ಕನ್ನಡವೆಂದು ಸ್ಪಷ್ಟವಾಗಿ ನಮೂದಿಸಿ ಮನವಿ ಸಲ್ಲಿಸುವುದು ಒಳಿತು.

ಕುಟುಂಬದ ವ್ಯಾಜ್ಯ

ವಿಚ್ಛೇದನಕ್ಕೆ ದಂಪತಿಗಳಲ್ಲಿ ಒಬ್ಬರಾದರೂ ರಾಜ್ಯದಲ್ಲಿ 6 ತಿಂಗಳು ಮತ್ತು ಆ ಕೌಂಟಿಯಲ್ಲಿ 3 ತಿಂಗಳು ವಾಸವಾಗಿರಬೇಕು, ಮತ್ತು ಅರ್ಜಿ ಎದುರುಪಕ್ಷಕ್ಕೆ ಜಾರಿಯಾದ ಬಳಿಕ ಕನಿಷ್ಠ 6 ತಿಂಗಳು ಕಳೆಯದೆ ವಿವಾಹ ಕೊನೆಗೊಳ್ಳದು. ಮನೆಯೊಳಗಿನ ದೌರ್ಜನ್ಯದಿಂದ ರಕ್ಷಣೆ ಕೋರುವ ಅರ್ಜಿಗೆ ಶುಲ್ಕವಿಲ್ಲ, ಅರ್ಜಿದಾರರ ವೀಸಾ ಸ್ಥಿತಿಯೂ ಅದಕ್ಕೆ ಅಡ್ಡಿಯಲ್ಲ; ಗಂಡನ ವೀಸಾವನ್ನು ಅವಲಂಬಿಸಿರುವ ಹೆಂಗಸರು ಇದನ್ನು ತಿಳಿದಿರಬೇಕಾದದ್ದು ಅಗತ್ಯ.

ತೀರ್ಪಿನ ನಂತರ

ತೀರ್ಪು ಬಂದರೂ ನ್ಯಾಯಾಲಯ ಹಣ ವಸೂಲಿ ಮಾಡಿ ಕೊಡುವುದಿಲ್ಲ. ಸೋತವನ ಸಂಬಳ ಅಥವಾ ಬ್ಯಾಂಕ್ ಖಾತೆಯ ಮೇಲೆ ಜಪ್ತಿ ಆದೇಶ ಪಡೆದು ಅದನ್ನು ಶೆರಿಫ್ ಎಂಬ ಕೌಂಟಿ ಅಧಿಕಾರಿಯ ಮೂಲಕ ಜಾರಿಗೊಳಿಸುವುದು ಗೆದ್ದವನ ಕೆಲಸವಾಗಿದ್ದು, ಹಣದ ತೀರ್ಪು ಸಾಮಾನ್ಯವಾಗಿ 10 ವರ್ಷ ಊರ್ಜಿತವಾಗಿರುತ್ತದೆ. ಎದುರುಪಕ್ಷದ ಆಸ್ತಿ ಭಾರತದಲ್ಲಿದ್ದರೆ ದಾರಿ ಇನ್ನೂ ಉದ್ದ: ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ಅಡಿ ಅಮೆರಿಕವನ್ನು ಪರಸ್ಪರ ಮನ್ನಣೆಯ ದೇಶವೆಂದು ಘೋಷಿಸಿಲ್ಲವಾದ್ದರಿಂದ, ಅಲ್ಲಿನ ಡಿಕ್ರಿಯನ್ನು ಇಲ್ಲಿ ನೇರವಾಗಿ ಅಮಲಿಗೆ ತರಲಾಗದು, ಅದರ ಆಧಾರದ ಮೇಲೆ ಹೊಸ ದಾವೆ ಹೂಡಬೇಕಾಗುತ್ತದೆ. ವಿಚ್ಛೇದನದ ಡಿಕ್ರಿಯೂ ತಾನಾಗಿ ಮಾನ್ಯವಾಗುವುದಿಲ್ಲ. ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿಯ ನ್ಯಾಯಾಲಯ ನೀಡಿದ್ದ ಅಂತಹ ಡಿಕ್ರಿಯನ್ನು ಭಾರತದ ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪದೆ, ವಿವಾಹ ಯಾವ ಕಾನೂನಿನಡಿ ನಡೆಯಿತೋ ಅದು ಹೇಳುವ ಕಾರಣ ಮತ್ತು ಅಧಿಕಾರ ವ್ಯಾಪ್ತಿಯನ್ನು ಮುಖ್ಯ ಅಳತೆಗೋಲಾಗಿಸಿತು. ಹೀಗಾಗಿ ದಾವೆಯ ಮೊದಲ ನಮೂನೆಯನ್ನು ತುಂಬುವ ಮುನ್ನವೇ, ಅದರ ಕೊನೆಯ ಆದೇಶವು ಯಾವ ಊರಿನಲ್ಲಿ, ಯಾರ ಮೇಲೆ ಜಾರಿಯಾಗಬೇಕಾಗಿದೆ ಎಂಬುದನ್ನು ಕಕ್ಷಿದಾರನು ಲೆಕ್ಕಹಾಕಿರಬೇಕು.