ಎರೆಹೊಲದಲ್ಲಿ ತಾಡಪತ್ರಿ ನಿಂತೀತೇ?

ನಡೆದು ಹೋಗಿ ರಾತ್ರಿ ಹೊಲದಲ್ಲಿ ತಂಗಲು ಟೆಂಟ್ ಬೇಡ, ಮೇಲೊಂದು ಹಾಳೆ ಸಾಕು ಎನ್ನುತ್ತೀರಾ, ಸರಿ. ಆದರೆ ರೈತ ಸಂಪರ್ಕ ಕೇಂದ್ರದಿಂದ ತಂದ ತಾಡಪತ್ರಿಯನ್ನು ಹೊತ್ತು ಹೊರಡಬೇಡಿ. 8x6 ಮೀಟರಿನ, 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ) ಹಾಳೆ ಎಂದರೆ 12 ಕಿಲೋ. ಅದು ಕಡಲೆ ರಾಶಿಗೇ ಇರಲಿ. 3x3 ಮೀಟರಿನ ತೆಳು ಸಿಲಿಕೋನ್ ಲೇಪಿತ ನೈಲಾನ್ ಹಾಳೆಯಾದರೆ ಅರ್ಧ ಕಿಲೋ ಆಸುಪಾಸು.

ನವಲಗುಂದ, ಅಣ್ಣಿಗೇರಿ ಕಡೆ ನಿಜವಾದ ತೊಡಕು ಎರೆಮಣ್ಣು. ಮಳೆ ಬಿದ್ದರೆ ಬೆಣ್ಣೆಯಂತಾಗಿ, ಗೇಣುದ್ದದ ಗೂಟ ರಾತ್ರಿ ತಾನೇ ಎದ್ದು ಬರುತ್ತದೆ. ಮೊಳದುದ್ದದ ಜಾಲಿಗೂಟ ಓರೆಯಾಗಿ ಬಡಿಯಿರಿ. ಮುಂಗಾರಿನ ಗಾಳಿ ಬೀಸುವ ಪಡುವಣದ ಅಂಚು ನೆಲಕ್ಕೆ ತಾಗಿರಲಿ. ಗುಡುಗಿದರೆ ಹಾಳೆಯ ಆಸೆ ಬಿಟ್ಟು ಊರ ಗುಡಿ ಸೇರಿ.

ಹಾಳೆಯ ಬದಲು ಮಳೆಗೆ ಹೊದೆಯುವ ಪೊಂಚೊ ಒಂದೇ ಸಾಕೇ? ಕುರಿಗಾರರು ಕಂಬಳಿ ಕೊಪ್ಪೆಯಲ್ಲಿ ಮಳೆ ಕಳೆಯುತ್ತಾರೆ ನಿಜ, ಆದರೆ ನಿಂತು! ಮಲಗಿದವರ ಕಾಲು ತೊಯ್ಯುತ್ತದೆ. ಕಲಘಟಗಿಯ ಕಾಡಂಚಿಗಂತೂ ಹಾಳೆ, ಪೊಂಚೊ ಎರಡನ್ನೂ ಒಯ್ಯಿರಿ.