ಮಗು ಬಾಯಿಬಿಟ್ಟರೆ ನಾವೇನು ಮಾಡಬೇಕು?

ತಾವರೆಕೆರೆ ಭಾಗದ ಸಂಘದ ಅಕ್ಕಂದಿರೇ, ಈ ವಾರ ಉಳಿತಾಯ ಕಟ್ಟಿದ ಮೇಲೆ ಒಬ್ಬರು ಇದನ್ನು ಗಟ್ಟಿಯಾಗಿ ಓದಿ.

ಭಾನುವಾರ ಧರ್ಮೋಪದೇಶಕ್ಕೆ ಹೋಗುತ್ತಿದ್ದ ಹುಡುಗಿ "ಇನ್ನು ಹೋಗಲ್ಲಮ್ಮ" ಅಂದರೆ ನಾವು ಏನಂತೀವಿ? "ಸೋಮಾರಿ, ಏಳು" ಅಂತೀವಿ. ಯಾಕೆ ಅಂತ ಕೇಳೋದೇ ಇಲ್ಲ. ಕೇಳಿ. ಹೇಳಿದ್ದನ್ನು ನಂಬಿ. ಅದನ್ನೇ ಹತ್ತು ಜನರ ಮುಂದೆ ಹೇಳಿಸಬೇಡಿ.

"ಮರ್ಯಾದೆ ಹೋಗುತ್ತೆ, ಫಾದರ್‌ಗೆ ಹೇಳಿ ಒಳಗೊಳಗೇ ಮುಗಿಸೋಣ" ಅನ್ನುವವರು ನಮ್ಮ ಸಂಘದಲ್ಲೇ ಇರಬಹುದು. 2012ರ ಪೋಕ್ಸೋ ಕಾಯ್ದೆ ಇದನ್ನು ಒಪ್ಪುವುದಿಲ್ಲ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆಯೆಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಮಾಡಿದವರು ಮೇಷ್ಟ್ರೋ, ಉಪದೇಶಿಯೋ, ಗುರುಗಳೋ, ಮನೆಯ ಮಾವನೋ, ಎಲ್ಲರಿಗೂ ಒಂದೇ ಕಾನೂನು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ಮಗುವನ್ನು ಠಾಣೆಗೆ ಎಳೆದೊಯ್ಯಬೇಕಿಲ್ಲ. ಪೊಲೀಸರೇ ಸಮವಸ್ತ್ರವಿಲ್ಲದೆ ಮನೆಗೆ ಬಂದು ಹೇಳಿಕೆ ಪಡೆಯಬೇಕು. 1098ಕ್ಕೆ ಫೋನ್ ಮಾಡಿದರೆ ದುಡ್ಡು ಬೀಳಲ್ಲ.

ಧರ್ಮಸಭೆಯೂ ಸುಮ್ಮನಿರಿ ಅನ್ನುವುದಿಲ್ಲ. ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿ, 2023ರಲ್ಲಿ ಕಾಯಂ ಮಾಡಿದ ನಿಯಮದಂತೆ ಗುರುಗಳು, ಕನ್ಯಾಸ್ತ್ರೀಯರು ಇಂಥದ್ದು ತಿಳಿದ ಕೂಡಲೇ ಧರ್ಮಾಧ್ಯಕ್ಷರಿಗೆ ವರದಿ ಮಾಡಬೇಕು. ಕಾಯಿಲೆಯಿಂದಲೋ ಅಂಗವಿಕಲತೆಯಿಂದಲೋ ತಡೆಯಲಾರದ ದೊಡ್ಡವರೂ ಇದರಲ್ಲಿ ಸೇರುತ್ತಾರೆ. ಆದರೆ ಚರ್ಚಿಗೆ ಹೇಳಿದ ಮಾತ್ರಕ್ಕೆ ಪೊಲೀಸರಿಗೆ ಹೇಳಿದಂತಾಗಲಿಲ್ಲ, ನೆನಪಿರಲಿ. ವಯಸ್ಸಾದವರಿಗೆ ತೊಂದರೆಯಾದರೆ 14567 ಸಹಾಯವಾಣಿ ಇದೆ.

ಇನ್ನೊಂದು ಮಾತು: ಇಂಥ ವಿಷಯ ಸಭೆಗೆ ಬಂದರೆ ನಡಾವಳಿ ಪುಸ್ತಕದಲ್ಲಿ ಮಗುವಿನ ಹೆಸರು ಬರೆಯಬೇಡಿ.